ಚಪ್ಪಾಳೆ ತಟ್ಟುವುದೋ, ಬಿಡಿಸಿ ಬರೆಯುವುದೋ?

ಏಳನೇ ಕ್ಲಾಸಿನ ನನ್ನ ಅಕ್ಕನ ಮಗಳಿಗೆ ವಿಜ್ಞಾನಕ್ಕಿಂತ ಅದರೊಳಗಿನ ಇಂಗ್ಲಿಷ್ ಪದಗಳದ್ದೇ ಜಾಸ್ತಿ ಕಾಟ. ಬೇಸಿಗೆ ರಜೆಯಲ್ಲಿ ಎರಡು ದಾರಿ ನೋಡಿದೆವು. ಒಂದು, ಚಪ್ಪಾಳೆ ತಟ್ಟಿ ಸಿಲಬಲ್, ಅಂದರೆ ಒಂದೇ ಏಟಿಗೆ ಬಾಯಲ್ಲಿ ಬರುವ ತುಂಡುಗಳನ್ನು, ಎಣಿಸುವುದು. ಇನ್ನೊಂದು, ಅರ್ಥ ಇರುವ ತುಂಡುಗಳಾಗಿ ಬಿಡಿಸುವುದು.

ಚಪ್ಪಾಳೆ ಮೊದಲ ದಿನವೇ ಎಡವಿತು. 'ಸ್ಕೂಲ್' ಅಂದರೆ ಮೂರು ಸಲ ತಟ್ಟಿದಳು: ಇಸ್-ಕೂ-ಲು! ಇಂಗ್ಲಿಷಿನಲ್ಲಿ ಅದು ಒಂದೇ ಏಟು. ಎಣಿಸಬೇಕಾದದ್ದು ಬಾಯಲ್ಲಿ ಕೇಳುವ ಸ್ವರಗಳನ್ನು ಅಂತ ತಿಳಿದ ಮೇಲೆ ಓದು ಸಲೀಸಾಯಿತು. ಫೋ-ಟೋ-ಸಿನ್-ಥೆ-ಸಿಸ್, ಐದು ಚಪ್ಪಾಳೆ, ಎಲ್ಲೂ ತೊದಲಲಿಲ್ಲ. ಹಾಗಂದರೇನು ಅಂದರೆ ಮಾತ್ರ ನನ್ನ ಮುಖ ನೋಡಿದಳು.

ಆಗ ಎರಡನೇ ದಾರಿ ಹಿಡಿದೆವು. "ಮಳೆಗಾಲ ಬಿಡಿಸಿ ಬರೆಯೋದಿಲ್ವಾ, ಹಾಗೇ" ಅಂದೆ. ಫೋಟೋ ಅಂದರೆ ಬೆಳಕು, ಸಿಂಥೆಸಿಸ್ ಅಂದರೆ ಕೂಡಿಸಿ ಮಾಡುವುದು. ಹೆಲಿಕಾಪ್ಟರ್ ಇನ್ನೂ ಮಜಾ. ಬಾಯಲ್ಲಿ ಅದು ಹೆ-ಲಿ-ಕಾಪ್-ಟರ್. ಮೂಲದಲ್ಲಿ ಒಡೆಯುವುದೇ ಬೇರೆ ಕಡೆ: ಹೆಲಿಕೊ, ಪ್ಟರ್. ಗ್ರೀಕಿನಲ್ಲಿ ಸುರುಳಿ ಮತ್ತು ರೆಕ್ಕೆ. ಡೈನೋಸಾರ್ ಕಾಲದ ಹಾರುವ ಪ್ರಾಣಿ ಟೆರೊಡ್ಯಾಕ್ಟಿಲ್ ಹೆಸರಿನಲ್ಲೂ ಇದೇ ರೆಕ್ಕೆ. ಅಲ್ಲಿ ಮೊದಲ 'ಪಿ' ಸುಮ್ನೆ ಕೂತಿರುತ್ತದೆ, ಆದರೂ ಅವಳೀಗ ಅದನ್ನು ಬಿಟ್ಟು ಬರೆಯುವುದಿಲ್ಲ. ಸ್ಪೆಲ್ಲಿಂಗಿಗೆ ನನ್ನ ಓಟು ಇದಕ್ಕೇ.

ಆದರೆ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಒಂದು ದಿನ ಬಸ್ಸಿನ ಮುಂದೆ ಪೆಟ್ರೋಲ್ ಟ್ಯಾಂಕರ್ ಹೋಗುತ್ತಿತ್ತು. ಹಿಂದೆ ಕೆಂಪಕ್ಷರದಲ್ಲಿ 'ಇನ್‌ಫ್ಲೇಮಬಲ್'. "ಇನ್ ಅಂದ್ರೆ 'ಅಲ್ಲ' ಅಲ್ವಾ ಚಿಕ್ಕಮ್ಮಾ? ಹಾಗಾದ್ರೆ ಇದಕ್ಕೆ ಬೆಂಕಿ ಹತ್ತಲ್ಲ!" ನನ್ನೆದೆ ಧಸಕ್ಕೆಂದಿತು. ಇದು 'ಒಳಗೆ' ಅನ್ನುವ ಅರ್ಥದ ಲ್ಯಾಟಿನ್ 'ಇನ್'. ಪದಕ್ಕೆ ಬೇಗ ಹೊತ್ತಿಕೊಳ್ಳುವ ವಸ್ತು ಅಂತಲೇ ಅರ್ಥ.

ಉಚ್ಚಾರದಲ್ಲೂ ಈ ದಾರಿ ಕೈಕೊಡುತ್ತದೆ. ಫೋಟೋಗ್ರಾಫ್‌ಗೆ ಒಂದು 'ವೈ' ಸೇರಿಸಿದರೆ ಒತ್ತು ಜಾರಿ ಫ-ಟಾ-ಗ್ರ-ಫಿ ಆಗುತ್ತದೆ. ಅಲ್ಲಿ ಚಪ್ಪಾಳೆಯೇ ಬೇಕು.

ರಜೆ ಮುಗಿಯುವ ಮುಂಚೆ 45 ಅಕ್ಷರದ ಪದ ಕೊಟ್ಟೆ. ಉದ್ದ ಇರಲಿ ಅಂತಲೇ 1935ರಲ್ಲಿ ಅಮೆರಿಕದಲ್ಲಿ ಹುಟ್ಟಿಸಿದ್ದು. ಚಪ್ಪಾಳೆ 19 ಆಯಿತು, ಕೈ ನೋವು ಅಂದಳು. ಬಿಡಿಸಿದರೆ ಆರೇ ತುಂಡು: ನ್ಯುಮೊನೊ, ಅಲ್ಟ್ರಾ, ಮೈಕ್ರೊಸ್ಕೋಪಿಕ್, ಸಿಲಿಕೊ, ವೋಲ್ಕೆನೊ, ಕೋನಿಯೋಸಿಸ್. ಜ್ವಾಲಾಮುಖಿಯ ನುಣ್ಣನೆ ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ.

"ಹೆಸರು ಹೇಳಿ ಮುಗಿಸೋಷ್ಟರಲ್ಲೇ ಉಸಿರು ಹೋಗುತ್ತೆ ಬಿಡು, ಚಿಕ್ಕಮ್ಮಾ."