ಹಂತಹಂತವಾಗಿ ಜಾರಿಯಾದ ನೀತಿ: ಡಿಫ್-ಇನ್-ಡಿಫ್‌ನ ಮೂರು ದಾರಿಗಳ ಹೋಲಿಕೆ

ನೀತಿ ಬಂದವರ ಬದಲಾವಣೆಯಿಂದ ಬಾರದವರ ಬದಲಾವಣೆಯನ್ನು ಕಳೆದು ನೀತಿಯ ಪರಿಣಾಮ ಅಳೆಯುವುದೇ ಡಿಫ್-ಇನ್-ಡಿಫ್. ನೀತಿ ಎಲ್ಲರಿಗೂ ಒಂದೇ ವರ್ಷ ಬರದಿದ್ದಾಗ ಹಳೆಯ ರೂಢಿ ಎಂದರೆ ಘಟಕಕ್ಕೊಂದು (ಜಿಲ್ಲೆ, ಶಾಲೆಯಂಥದ್ದು), ವರ್ಷಕ್ಕೊಂದು ಫಿಕ್ಸೆಡ್ ಎಫೆಕ್ಟ್ (ಅದರದೇ ಸ್ಥಿರ ಮಟ್ಟ) ಹಾಕಿ ಒಂದೇ ರಿಗ್ರೆಶನ್ ಓಡಿಸುವುದು. ಅದು ಎಲ್ಲಿ ಮುಗ್ಗರಿಸುತ್ತದೆ ಎಂದು ನೋಡಲು ಕಂಪ್ಯೂಟರ್ ಕೂಡ ಬೇಡ.

ಎರಡು ಘಟಕ, ಮೂರು ಅವಧಿ ತೆಗೆದುಕೊಳ್ಳಿ. ಮೊದಲನೆಯದಕ್ಕೆ 2ನೇ ಅವಧಿಯಲ್ಲಿ, ಎರಡನೆಯದಕ್ಕೆ 3ನೇ ಅವಧಿಯಲ್ಲಿ ನೀತಿ ಬಂತು. ನೀತಿ ಇಲ್ಲದಿದ್ದರೆ ಎರಡರ ಫಲಿತವೂ ಸೊನ್ನೆ. ಮೊದಲನೆಯದರ ಫಲಿತ 0, 10, 40. ಎರಡನೆಯದರದು 0, 0, 10. ನಿಜವಾದ ಪರಿಣಾಮಗಳಾದ 10, 40, 10ರ ಸರಾಸರಿ 20. ರಿಗ್ರೆಶನ್ ಕೊಡುವುದು ಮೈನಸ್ 5! 2ನೇ ಅವಧಿಯ ಹೋಲಿಕೆ ಸರಿಯಾಗಿಯೇ 10 ಕೊಡುತ್ತದೆ. ಆದರೆ 3ನೇ ಅವಧಿಯಲ್ಲಿ ಕಂಟ್ರೋಲ್ (ಹೋಲಿಕೆಯ ಅಳತೆಗೋಲು) ಆಗಿ ನಿಲ್ಲುವುದು ಆಗಲೇ ನೀತಿ ಪಡೆದ ಘಟಕ. ಅದರ 30ರ ಏರಿಕೆಯನ್ನು ಎರಡನೆಯದರ 10ರಿಂದ ಕಳೆದರೆ ಮೈನಸ್ 20. ಎರಡರ ಸರಾಸರಿಯೇ ಮೈನಸ್ 5. ಅರ್ಥಶಾಸ್ತ್ರಜ್ಞ ಗುಡ್‌ಮನ್-ಬೇಕನ್ 2021ರಲ್ಲಿ ಬಿಡಿಸಿಟ್ಟದ್ದು ಇದನ್ನೇ.

ಕ್ಯಾಲವೇ ಮತ್ತು ಸಾಂಟ್‌ಆನಾ (Callaway–Sant'Anna) ಎಂಬಿಬ್ಬರು ಅರ್ಥಶಾಸ್ತ್ರಜ್ಞರ ವಿಧಾನ ಈ ಕೆಟ್ಟ ಹೋಲಿಕೆಯನ್ನು ಮಾಡುವುದೇ ಇಲ್ಲ. ನೀತಿ ಬಂದ ವರ್ಷದ ಪ್ರಕಾರ ಗುಂಪು ಮಾಡಿ, ಪ್ರತಿ ಗುಂಪನ್ನೂ ನೀತಿ ಎಂದೂ ಬಾರದವರ ಜೊತೆ ಅಥವಾ ಇನ್ನೂ ಬಾರದವರ ಜೊತೆ ಹೋಲಿಸುತ್ತದೆ. ಆಧಾರ ಒಂದೇ ವರ್ಷ, ಜಾರಿಗೆ ಹಿಂದಿನದು. ಹಾಗಾಗಿ ಸುದ್ದಿ ಮೊದಲೇ ಹರಡಿ ಜನ ಆ ವರ್ಷವೇ ನಡೆ ಬದಲಿಸಿದ್ದರೆ ಇಡೀ ಲೆಕ್ಕ ವಾಲುತ್ತದೆ. ಗುಂಪಿನಲ್ಲಿ ನಾಲ್ಕೈದೇ ಘಟಕ ಇದ್ದರೆ ಅಂದಾಜು ವಿಪರೀತ ಹೊಯ್ದಾಡುತ್ತದೆ.

ಅರ್ಥಶಾಸ್ತ್ರಜ್ಞ ಬೊರುಸ್ಯಾಕ್ ಮತ್ತು ಸಂಗಡಿಗರ ಇಂಪ್ಯುಟೇಶನ್ ದಾರಿ ಬೇರೆ. ನೀತಿ ಇನ್ನೂ ಬಾರದ ಸಾಲುಗಳ ಮೇಲಷ್ಟೇ ಫಿಕ್ಸೆಡ್ ಎಫೆಕ್ಟ್ ಅಂದಾಜಿಸಿ, ನೀತಿ ಬಂದ ಸಾಲುಗಳಿಗೆ 'ಬಾರದಿದ್ದರೆ ಎಷ್ಟಿರುತ್ತಿತ್ತು' ಎಂದು ತುಂಬಿ, ನಿಜದಿಂದ ಕಳೆಯುವುದು. ಹಿಂದಿನ ಎಲ್ಲ ವರ್ಷಗಳನ್ನೂ ಬಳಸುವುದರಿಂದ ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಎರರ್ (ಅಂದಾಜಿನ ಹೊಯ್ದಾಟದ ಅಳತೆ) ಚಿಕ್ಕದು. ಆದರೆ ಗುಂಪುಗಳ ನಡುವೆ ಅಂತರ ಮೊದಲಿನಿಂದಲೇ ನಿಧಾನವಾಗಿ ಹಿಗ್ಗುತ್ತಿದ್ದರೆ ತಪ್ಪು ಇಲ್ಲೇ ದೊಡ್ಡದಾಗುತ್ತದೆ.

ಸಂಖ್ಯಾಶಾಸ್ತ್ರದ ತಂತ್ರಾಂಶ ಸ್ಟೇಟಾದಲ್ಲಿ (Stata) ಒಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ನೀತಿ ಎಂದೂ ಬಾರದವರ ಜಾರಿ ವರ್ಷದ ಕಾಲಂನಲ್ಲಿ ಕ್ಯಾಲವೇ–ಸಾಂಟ್‌ಆನಾ ಆಜ್ಞೆಗೆ 0 ಬೇಕು, ಇಂಪ್ಯುಟೇಶನ್ ಆಜ್ಞೆಗೆ ಖಾಲಿ ಬೇಕು. ಖಾಲಿ ಬಿಟ್ಟು ಮೊದಲನೆಯದನ್ನು ಓಡಿಸಿದರೆ ಆ ಸಾಲುಗಳೇ ಉದುರುತ್ತವೆ. 0 ಇಟ್ಟು ಎರಡನೆಯದನ್ನು ಓಡಿಸಿದರೆ ಅವರೆಲ್ಲ ಅನಾದಿಯಿಂದ ನೀತಿ ಪಡೆದವರಾಗಿಬಿಡುತ್ತಾರೆ. ಎರಡು ಕಾಲಂ ಬೇರೆಬೇರೆ ಇಟ್ಟುಕೊಳ್ಳಿ.

ಪ್ರಬಂಧದ ಮುಖ್ಯ ಕೋಷ್ಟಕಕ್ಕೆ ಕ್ಯಾಲವೇ–ಸಾಂಟ್‌ಆನಾ ವಿಧಾನವೇ ಸರಿ, ಪ್ರತಿ ಅಂಕಿಯೂ ಯಾರನ್ನು ಯಾರ ಜೊತೆ ಹೋಲಿಸಿತೆಂದು ತೋರಿಸಬಹುದು. ಇಂಪ್ಯುಟೇಶನ್ ಪಕ್ಕದ ಕಾಲಂನಲ್ಲಿರಲಿ. ಎರಡೂ ದೂರ ನಿಂತರೆ ಮೊದಲು ಜಾರಿಗೆ ಹಿಂದಿನ ವರ್ಷವನ್ನು ಶಂಕಿಸಿ.