ಜರ್ಮನ್ ತಮಾಷೆ ಮಾತು ಕಲಿಯಲು ನಾಲ್ಕು ದಾರಿ: ನನಗೆ ಯಾವುದು ಕೆಲಸಕ್ಕೆ ಬಂತು?

ಹ್ಯಾಂಬರ್ಗ್‌ಗೆ ಬಂದಿಳಿದಾಗ ನನ್ನ ಕೈಯಲ್ಲಿ ಬಿ1, ಅಂದರೆ ನಡು ಹಂತದ ಜರ್ಮನ್ ಸರ್ಟಿಫಿಕೇಟ್ ಇತ್ತು. ಬಾಡಿಗೆ ಮನೆ ವಿಚಾರಿಸುವಷ್ಟು, ಡಾಕ್ಟರ್ ಹತ್ತಿರ ಹೊಟ್ಟೆನೋವು ಹೇಳಿಕೊಳ್ಳುವಷ್ಟು ಜರ್ಮನ್ ಬರುತ್ತಿತ್ತು. ಆದರೆ ಆಫೀಸಿನ ಅಡುಗೆ ಕೋಣೆಯಲ್ಲಿ ಕಾಫಿ ಕುಡಿಯುತ್ತಾ ಎಲ್ಲರೂ ನಕ್ಕರೆ ನಾನು ಸುಮ್ನೆ ಹಲ್ಲು ಬಿಡುತ್ತಿದ್ದೆ. ಏನಕ್ಕೆ ನಕ್ಕರು ಅಂತ ದೇವರಾಣೆ ಗೊತ್ತಾಗುತ್ತಿರಲಿಲ್ಲ.

ಹಾಗಾಗಿ ಒಂದು ವರ್ಷ ಬೇರೆ ಬೇರೆ ದಾರಿ ಹಿಡಿದು ನೋಡಿದೆ. ಪಾಸು-ಫೇಲಿಗೆ ನನ್ನದೇ ಒಂದು ಲೆಕ್ಕ. ಕಲಿತ ಮಾತನ್ನು ಜನರ ಮುಂದೆ ಆಡಬೇಕು. ಅವರು ಜರ್ಮನ್‌ನಲ್ಲೇ ಮಾತು ಮುಂದುವರಿಸಿದರೆ ಪಾಸು. ಕನಿಕರಪಟ್ಟು ಇಂಗ್ಲಿಷಿಗೆ ಹೊರಳಿದರೆ ಫೇಲು.

ಮೊದಲು ಹಿಡಿದದ್ದು ಪುಸ್ತಕ. ಹಳೆ ಸಾಮಾನಿನ ಸಂತೆಯಲ್ಲಿ ಎರಡು ಯೂರೋಗೆ ಸಿಕ್ಕಿದ ನುಡಿಗಟ್ಟಿನ ಪುಸ್ತಕ. ಓದಲು ಇದರಷ್ಟು ಮಜಾ ಬೇರೆ ಯಾವುದೂ ಕೊಡಲಿಲ್ಲ. ತಲೆಬುಡ ಅರ್ಥವಾಗದಿದ್ದರೆ 'ಇಶ್ ಫೆರ್‌ಷ್ಟೇಯ ನೂರ್ ಬಾನ್‌ಹೋಫ್' ಅನ್ನುತ್ತಾರೆ. ನನಗೆ ಅರ್ಥವಾಗುವುದು ರೈಲ್ವೆ ಸ್ಟೇಷನ್ ಒಂದೇ ಅಂತ. ಮೊದಲ ಮಹಾಯುದ್ಧದ ಕೊನೆಗೆ ಸೈನಿಕರ ತಲೆಯಲ್ಲಿ ಊರಿಗೆ ಹೋಗುವ ರೈಲು ಬಿಟ್ಟು ಬೇರೇನೂ ಇರಲಿಲ್ಲ, ಅದರಿಂದ ಬಂದ ಮಾತು ಅಂತ ಹೇಳುವುದುಂಟು. ನನಗೇನೂ ಗೊತ್ತಿಲ್ಲಪ್ಪಾ ಅನ್ನುವುದಕ್ಕೆ 'ಮೈನ್ ನಾಮ ಇಸ್ಟ್ ಹಾಸ', ನನ್ನ ಹೆಸರು ಹಾಸ. ಹಾಸ ಅಂದರೆ ಮೊಲ. ಇದರ ಹಿಂದೆ ನಿಜವಾದ ಮನುಷ್ಯನೇ ಇದ್ದಾನೆ. 1850ರ ದಶಕದಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಕಾನೂನು ಓದುತ್ತಿದ್ದ ವಿಕ್ಟರ್ ಫಾನ್ ಹಾಸ, ದ್ವಂದ್ವಯುದ್ಧದಲ್ಲಿ ಗುಂಡು ಹಾರಿಸಿ ಫ್ರಾನ್ಸ್‌ಗೆ ಓಡಲು ಹೊರಟ ಗೆಳೆಯನಿಗೆ ತನ್ನ ಗುರುತಿನ ಚೀಟಿ ಕೊಟ್ಟಿದ್ದ. ಆ ಚೀಟಿ ಸಿಕ್ಕಿ ಹಾಸನೇ ವಿಚಾರಣೆಗೆ ನಿಂತಾಗ, ನನ್ನ ಹೆಸರು ಹಾಸ, ನನಗೇನೂ ಗೊತ್ತಿಲ್ಲ ಅಂದನಂತೆ. ಆ ಮಾತು ಇವತ್ತಿಗೂ ಓಡುತ್ತಿದೆ.

ಇಷ್ಟೆಲ್ಲ ಓದಿಕೊಂಡು ಮೀಟಿಂಗ್‌ನಲ್ಲಿ ಒಂದು ದಿನ 'ಇಶ್ ಗ್ಲೌಪ್, ಮೈನ್ ಷ್ವೈನ್ ಪ್ಫೈಫ್ಟ್' ಅಂದೆ. ನನ್ನ ಹಂದಿ ಸೀಟಿ ಹೊಡೀತಿದೆ ಅನ್ಸುತ್ತೆ ಅಂತ ಅರ್ಥ, ನಂಬಕ್ಕಾಗಲ್ಲ ಅನ್ನುವ ಕಡೆ ಬಳಸುವುದು. ಪಕ್ಕದ ಹುಡುಗಿ ಕಣ್ಣೊರೆಸಿಕೊಳ್ಳುತ್ತಾ, 'ನಮ್ಮಜ್ಜಿ ಹೀಗೆ ಹೇಳ್ತಾರೆ' ಅಂದಳು. ಮಾತು ಮುಂದುವರಿದದ್ದು ಇಂಗ್ಲಿಷ್‌ನಲ್ಲಿ. ಪುಸ್ತಕದ ತೊಂದರೆ ಇದೇ. ಯಾವ ಮಾತು ಇನ್ನೂ ಬದುಕಿದೆ, ಯಾವುದು ಅಜ್ಜಿಯ ಜೊತೆ ಉಳಿದಿದೆ ಅಂತ ಅದು ಹೇಳುವುದಿಲ್ಲ. ಸ್ಟೇಷನ್ ಮಾತು ಪಾಸಾಯಿತು, ಹಂದಿ ಫೇಲಾಯಿತು. ಪುಸ್ತಕದಲ್ಲಿ ಎರಡೂ ಒಂದೇ ಪುಟದಲ್ಲಿದ್ದವು.

ಅಜ್ಜಿ ಮಾತು ಬೇಡ ಅಂದುಕೊಂಡು ಇಂಟರ್ನೆಟ್ಟಿಗೆ ಹಾರಿದೆ. ಇಲ್ಲಿ ಲಾಂಗನ್‌ಷೈಟ್ ಅನ್ನುವ ನಿಘಂಟು ಪ್ರಕಾಶಕರು 2008ರಿಂದ 'ವರ್ಷದ ಯುವಪದ' ಅಂತ ಆರಿಸುತ್ತಾರೆ. ಮೊದಲ ವರ್ಷ ಗೆದ್ದದ್ದು 'ಗಾಮಲ್‌ಫ್ಲೈಷ್‌ಪಾರ್ಟಿ'. ಕೊಳೆತ ಮಾಂಸದ ಪಾರ್ಟಿ, ಅಂದರೆ ಮೂವತ್ತು ದಾಟಿದವರ ಪಾರ್ಟಿ! ನನ್ನ ವಯಸ್ಸು ಮೂವತ್ತನಾಲ್ಕು. ಅಲ್ಲೇ ಸುಳಿವು ಹಿಡಿಯಬೇಕಿತ್ತು, ಹಿಡಿಯಲಿಲ್ಲ. 2021ರಲ್ಲಿ 'ಕ್ರಿಂಜ್' (ಮುಜುಗರ ತರಿಸುವಂಥದ್ದು), 2023ರಲ್ಲಿ 'ಗೂಫಿ' (ಪೆದ್ದುಪೆದ್ದು), 2024ರಲ್ಲಿ 'ಆರಾ' (ವರ್ಚಸ್ಸು). ಅರ್ಧಕ್ಕರ್ಧ ಇಂಗ್ಲಿಷೇ, ಕಲಿಯಲು ಕಷ್ಟವೇನಿಲ್ಲ. ಆದರೆ ಪದ ಪಟ್ಟಿಗೆ ಬರುವ ಹೊತ್ತಿಗೆ ಹುಡುಗರಿಗೆ ಹಳಸಿರುತ್ತದೆ. 'ಡಿಗ್ಗಾ' ಮಾತ್ರ ಗಟ್ಟಿ. 'ಡಿಕರ್', ಅಂದರೆ ದಪ್ಪಗಿರುವವನು, ಅನ್ನುವುದರಿಂದ ಬಂದದ್ದು. ಹ್ಯಾಂಬರ್ಗ್‌ನದೇ ಕೂಸು, ಈಗ ದೇಶವೆಲ್ಲ ಓಡಾಡುತ್ತದೆ. ನಮ್ಮ 'ಮಗಾ' ಇದೆಯಲ್ಲ, ಸರಿಸುಮಾರು ಅದೇ. ಪಾರ್ಕಿನಲ್ಲಿ ಫುಟ್‌ಬಾಲ್ ಆಡುವಾಗ ಒಬ್ಬ ಹುಡುಗನಿಗೆ 'ಪಾಸ್ ಕೊಡು, ಡಿಗ್ಗಾ' ಅಂದೆ. ಅವನು ಪಾಸ್ ಕೊಟ್ಟ, ಜೊತೆಗೆ ಒಂದು ನೋಟವನ್ನೂ ಕೊಟ್ಟ. ನಮ್ಮ ಬೀದಿಯಲ್ಲಿ ಯಾರೋ ಅಂಕಲ್ ಬಂದು ನನಗೆ 'ಏನ್ ಮಗಾ' ಅಂದಿದ್ದರೆ ನಾನೂ ಹಾಗೇ ನೋಡುತ್ತಿದ್ದೆ.

ರೆಡಿಟ್ ಅನ್ನುವ ಚರ್ಚೆಯ ತಾಣದಲ್ಲಿ 'ಇಶ್_ಇಯೆಲ್' ಅಂತ ಜರ್ಮನ್ ಮೀಮ್‌ಗಳ ಒಂದು ಗುಂಪಿದೆ, ಅದು ಬೇರೆಯೇ ಲೋಕ. ಅಲ್ಲಿಯವರು ಇಂಗ್ಲಿಷ್ ಪದಗಳನ್ನು ಬೇಕಂತಲೇ ಅಕ್ಷರಕ್ಕಕ್ಷರ ಜರ್ಮನ್ ಮಾಡುತ್ತಾರೆ. ಮೀಮ್ 'ಮೈಮೈ' ಆಗುತ್ತದೆ, ಪೋಸ್ಟ್ 'ಪ್ಫೋಸ್ಟನ್' ಆಗುತ್ತದೆ. ಪ್ಫೋಸ್ಟನ್ ಅಂದರೆ ಕಂಬ. ನಾವು 'ಫೇಸ್‌ಬುಕ್‌ನಲ್ಲಿ ಒಂದು ಕಂಬ ನೆಟ್ಟೆ' ಅಂದ ಹಾಗೆ. ರೈಲಿಗೆ ಧೂಮಶಕಟ ಅಂತ ಗೇಲಿ ಮಾಡಿಕೊಂಡು ಬೆಳೆದವರಿಗೆ ಈ ಜೋಕು ಕೂಡಲೇ ಹತ್ತುತ್ತದೆ. ನಾನು ರಾತ್ರಿ ಒಂದರವರೆಗೂ ನಕ್ಕಿದ್ದೇನೆ. ಮರುದಿನ ಊಟದ ಟೇಬಲ್‌ನಲ್ಲಿ ಯಾರೋ ಒಳ್ಳೆ ಮಾತು ಹೇಳಿದರು ಅಂತ 'ಹೋಖ್‌ವೇಲಿ' ಅಂದೆ, ಅಪ್‌ವೋಟ್ ಅಂತ ಅರ್ಥ, ರೆಡಿಟ್‌ನಲ್ಲಿ ಮೆಚ್ಚಿ ಹಾಕುವ ಓಟು. ಟೇಬಲ್ ಮೌನವಾಯಿತು. ಮೂಲೆಯಲ್ಲಿದ್ದ ಐಟಿ ಸಪೋರ್ಟ್ ಹುಡುಗನೊಬ್ಬ ಮಾತ್ರ ಕಳ್ಳತನ ಬಯಲಾದವನ ಹಾಗೆ ತಟ್ಟೆ ಕಡೆ ಮುಖ ಮಾಡಿದ. ಓದುವ ಭಾಷೆಗೆ ಇದು ಭೇಷ್, ಬಾಯಿಗೆ ತರುವುದಲ್ಲ. ಚಾಟ್‌ನ ಚುಟುಕುಗಳು ಮಾತ್ರ ಇಲ್ಲಿಂದ ನಿಜಕ್ಕೂ ದಕ್ಕಿದವು. ಗೊತ್ತಿಲ್ಲ ಅನ್ನಲು 'ಕೆಪಿ'. ಕೊನೆಗೆ 'ಎಲ್‌ಜಿ' ಅಂತ ಹಾಕುತ್ತಾರೆ, ಪ್ರೀತಿಯ ನಮಸ್ಕಾರ ಅಂತ. ನನಗೋ ಬಹಳ ದಿನ ಫ್ರಿಜ್ಜೇ ನೆನಪಾಗುತ್ತಿತ್ತು.

ಯೂಟ್ಯೂಬ್‌ನ 'ಈಸಿ ಜರ್ಮನ್' ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೀದಿಯಲ್ಲಿ ಸಿಕ್ಕವರನ್ನು ಮಾತಾಡಿಸುತ್ತಾರೆ, ಕೆಳಗೆ ಜರ್ಮನ್ ಮತ್ತು ಇಂಗ್ಲಿಷ್ ಎರಡರಲ್ಲೂ ಸಾಲು ಬರುತ್ತದೆ. 'ಹಾಲ್ಟ್', 'ನಾ ಯಾ', 'ಡೋಖ್' ಥರದ ಚಿಲ್ಲರೆ ಪದಗಳು ವಾಕ್ಯದ ಯಾವ ಜಾಗದಲ್ಲಿ ಕೂರುತ್ತವೆ ಅನ್ನುವುದು ಕಿವಿಗೆ ಬಿದ್ದದ್ದು ಅಲ್ಲೇ. ಇದಕ್ಕೆ ಎರಡನೇ ಸ್ಥಾನ.

ಮೊದಲ ಸ್ಥಾನ ನಮ್ಮ ಅಕೌಂಟ್ಸ್ ವಿಭಾಗದ ಒಬ್ಬ ಹಿರಿಯ ಸಹೋದ್ಯೋಗಿಗೆ. ನಿವೃತ್ತಿಗೆ ಎರಡು ವರ್ಷ ಇತ್ತು. ಸಂಜೆ ಹೊರಡುವಾಗ ಅವರು 'ಬಿಸ್ ಬಾಲ್ಟ್', ಬೇಗ ಸಿಗೋಣ, ಅನ್ನುತ್ತಿರಲಿಲ್ಲ. 'ಬಿಸ್ ಬಾಲ್ಡ್ರಿಯಾನ್' ಅನ್ನುತ್ತಿದ್ದರು. ಬಾಲ್ಡ್ರಿಯಾನ್ ಅಂದರೆ ನಿದ್ದೆ ಬರಲೆಂದು ಚಹಾ ಮಾಡಿ ಕುಡಿಯುವ ಒಂದು ಬೇರು. ಆಮೇಲೆ ಸಿಗೋಣ ಅನ್ನುವ 'ಬಿಸ್ ಷ್ಪೇಟರ್'ಗೆ ಪೇಟರ್‌ಜೀಲಿಯ ಅನ್ನುವ ಸೊಪ್ಪನ್ನು ಅಂಟಿಸಿ 'ಬಿಸ್ ಷ್ಪೇಟರ್‌ಜೀಲಿಯ'. ಉದಾಹರಣೆಗೆ ಅನ್ನಲು 'ತ್ಸುಮ್ ಬೈಷ್ಪೀಲ್' ಅನ್ನಬೇಕಾದ ಕಡೆ 'ತ್ಸುಮ್ ಬ್ಲೈಷ್ಟಿಫ್ಟ್', ಅಂದರೆ ಪೆನ್ಸಿಲ್‌ಗೆ! 'ಡಾಂಕೆಷ್ಯೋನ್' ತಿರುಚಿದರೆ 'ಷಾಂಕೆಡ್ಯೋನ್'. ನಾವು ಕಾಫಿಗೀಫಿ, ಊಟಗೀಟ ಅಂತ ಪದಕ್ಕೆ ಜೋಡಿ ಕಟ್ಟಿ ಆಡುತ್ತೇವೆ. ಇವರು ಪದದ ಬಾಲಕ್ಕೆ ಬೇರೆ ಪದ ಸಿಕ್ಕಿಸಿ ಆಡುತ್ತಾರೆ.

ಹುಡುಗರಿಗೆ ಇವು ಕೇಳಿದರೆ ಮೈ ಉರಿಯುತ್ತದೆ, ಅಪ್ಪಂದಿರ ಜೋಕು ಅಂತ. ಆದರೆ ನನ್ನ ನೋಟ್‌ಬುಕ್ಕಿನಲ್ಲಿ ಜಾಸ್ತಿ ಪಾಸಾದದ್ದು ಇವೇ. ಡಿಗ್ಗಾ ಅಂದರೆ ಹುಡುಗರ ಗುಂಪಿಗೆ ನುಗ್ಗಿದ ಹಾಗಾಗುತ್ತದೆ. ಬಾಲ್ಡ್ರಿಯಾನ್‌ಗೆ ಗುಂಪಿಲ್ಲ, ವಯಸ್ಸಿಲ್ಲ. ಹೊರಗಿನಿಂದ ಬಂದವನು ಅಷ್ಟು ಕೆಟ್ಟ ಜೋಕನ್ನು ಸರಿಯಾದ ಹೊತ್ತಿಗೆ ಹೇಳಿದರೆ ಜನ ನರಳುತ್ತಾರೆ, ನಗುತ್ತಾರೆ, ಇನ್ನೊಂದು ಕೆಟ್ಟ ಜೋಕು ಸೇರಿಸುತ್ತಾರೆ. ಅದೂ ಜರ್ಮನ್‌ನಲ್ಲೇ. ಮಧ್ಯಾಹ್ನ ಹನ್ನೆರಡಕ್ಕೆ ಕಾರಿಡಾರ್‌ನಲ್ಲಿ 'ಮಾಲ್‌ತ್ಸೈಟ್' ಅನ್ನುವುದನ್ನೂ ಆ ಹಿರಿಯರೇ ಕಲಿಸಿದ್ದು. ಊಟದ ಹೊತ್ತು ಅಂತ ಅರ್ಥ, ಆದರೆ ಅದು ನಮಸ್ಕಾರ. ಉತ್ತರವೂ ಮಾಲ್‌ತ್ಸೈಟ್. ಊಟ ಆಯ್ತಾ ಅಂತ ಕೇಳಿ ಉತ್ತರಕ್ಕೆ ಕಾಯದೆ ಮುಂದೆ ಹೋಗುವ ನಮಗೆ ಇದನ್ನು ಹೇಳಿಕೊಡಬೇಕಾ?

ಈ ದಾರಿಗೆ ದುಡ್ಡು ಬೇಡ, ಆದರೆ ಇಂಥವರೊಬ್ಬರು ಸಿಗಬೇಕು. ಇಡೀ ದಿನ ಇಂಗ್ಲಿಷ್‌ನಲ್ಲೇ ಕೆಲಸ ನಡೆಯುವ ಆಫೀಸಿನಲ್ಲಿ ಸಿಗುವುದು ಕಷ್ಟ. ಹಾಗಿದ್ದರೆ ಕೂಡಿ ಆಡುವ ಅಥವಾ ಹಾಡುವ ಯಾವುದಾದರೂ ಸಂಘ ಸೇರಿ, ಹಿರಿಯರ ಪಕ್ಕ ಕೂತುಕೊಳ್ಳಿ. ಅದೂ ಆಗದಿದ್ದರೆ ವಿಡಿಯೋ ಇದ್ದೇ ಇದೆ. ಮೀಮ್‌ಗಳನ್ನು ರಾತ್ರಿಗೆ ಇಟ್ಟುಕೊಳ್ಳಿ.

ಅವರ ನಿವೃತ್ತಿಯ ದಿನ ಕೇಕ್ ಕತ್ತರಿಸಿ ಎಲ್ಲರೂ ಗಂಭೀರವಾಗಿ ಕೈಕುಲುಕುತ್ತಿದ್ದರು. ನನ್ನ ಸರದಿ ಬಂದಾಗ 'ಷಾಂಕೆಡ್ಯೋನ್' ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, 'ಅಯ್ಯೋ, ನಿನ್ನನ್ನ ನಾನೇ ಕೆಡಿಸಿಬಿಟ್ಟೆ' ಅಂದರು.