ಪೈಥಾನ್‌ನ ಪಿಕಲ್: ಮಂಡಿಯ ಲೆಕ್ಕಕ್ಕೆ ಎಷ್ಟರ ಮಟ್ಟಿಗೆ ಒಗ್ಗುತ್ತದೆ?

ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ವಹಿವಾಟು ನಡೆಸುವ ಮಂಡಿಯೊಂದಕ್ಕೆ ಬರೆದುಕೊಟ್ಟ ಪ್ರೋಗ್ರಾಂನಲ್ಲಿ, ದಿನದ ತೂಕದ ಚೀಟಿಗಳನ್ನು ಫೈಲಿಗೆ ಇಳಿಸಿ ಮರುದಿನ ಮತ್ತೆ ಎತ್ತಿಕೊಳ್ಳಲು ಪಿಕಲ್ ಮಾಡ್ಯೂಲನ್ನು ಬಳಸುತ್ತಿದ್ದೇನೆ. ಇದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಯಲ್ಲೇ ಬರುವ ಸಿದ್ಧ ಕೋಡು. ಫೈಲನ್ನು ಬೈನರಿ ಮೋಡ್‌ನಲ್ಲಿ ತೆರೆದು ಡಂಪ್ ಎಂಬ ಫಂಕ್ಷನ್ ಕರೆದರೆ ಆಬ್ಜೆಕ್ಟ್ (ಪ್ರೋಗ್ರಾಂ ತನ್ನ ನೆನಪಿನಲ್ಲಿ ಇಟ್ಟುಕೊಳ್ಳುವ ಮಾಹಿತಿಯ ಘಟಕ) ಫೈಲಿನ ಒಳಗೆ ಹೋಗುತ್ತದೆ, ಲೋಡ್ ಕರೆದರೆ ಹೊರಗೆ ಬರುತ್ತದೆ.

ಇದರ ಹೆಚ್ಚುಗಾರಿಕೆ ಇರುವುದು ಆಬ್ಜೆಕ್ಟ್‌ಗಳ ನಡುವಿನ ನಂಟನ್ನು ಉಳಿಸುವುದರಲ್ಲಿ. ಜಗಳೂರು ಕಡೆಯ ರೈತರೊಬ್ಬರು ಒಂದೇ ದಿನ ಮೂರು ಲಾಟು ತಂದರೆ ಮೂರೂ ಲಾಟುಗಳು ಒಂದೇ ರೈತ ಆಬ್ಜೆಕ್ಟಿಗೆ ಅಂಟಿಕೊಂಡಿರುತ್ತವೆ. ಅವನ್ನು ಒಟ್ಟಿಗೆ ಡಂಪ್ ಮಾಡಿದ್ದರೆ ಲೋಡ್ ಆದ ಮೇಲೂ ಆ ಆಬ್ಜೆಕ್ಟ್ ಒಂದೇ ಆಗಿರುವುದರಿಂದ, ಮುಂಗಡದ ಬಾಕಿಯನ್ನು ಒಂದು ಕಡೆ ತಿದ್ದಿದರೆ ಸಾಕು. ಮಾಹಿತಿಯನ್ನು ಪಠ್ಯವಾಗಿ ಬರೆದಿಡುವ ಜೇಸನ್ ಎಂಬ ಮಾದರಿಯಲ್ಲಿ ನೇರವಾಗಿ ಬರೆದರೆ ರೈತರ ವಿವರ ಮೂರು ಪ್ರತಿಗಳಾಗಿ ಒಡೆಯುತ್ತದೆ. ದಿನಾಂಕದ ಆಬ್ಜೆಕ್ಟನ್ನಂತೂ ಅದು ತಾನಾಗಿ ಸ್ವೀಕರಿಸುವುದೇ ಇಲ್ಲ.

ತೊಡಕು ಬರುವುದು ಪ್ರೋಗ್ರಾಂ ಬದಲಾದಾಗ. ಫೈಲಿನಲ್ಲಿ ಕ್ಲಾಸಿನ (ಆಬ್ಜೆಕ್ಟ್ ಹೇಗಿರಬೇಕೆಂದು ಹೇಳುವ ಅಚ್ಚಿನ) ಕೋಡ್ ಇರುವುದಿಲ್ಲ, ಮಾಡ್ಯೂಲಿನ ಹಾಗೂ ಕ್ಲಾಸಿನ ಹೆಸರಷ್ಟೇ ಇರುತ್ತದೆ. ಆ ಹೆಸರನ್ನು ಬದಲಿಸಿದರೆ ಹಳೆಯ ಫೈಲು ತೆರೆಯುವುದಿಲ್ಲ. ಅದಕ್ಕಿಂತ ಕಿರಿಕಿರಿಯದು ಇನ್ನೊಂದಿದೆ. ಲಾಟ್ ಕ್ಲಾಸಿಗೆ ತೇವಾಂಶವನ್ನು ಹೊಸದಾಗಿ ಸೇರಿಸಿದೆವೆನ್ನಿ. ಹೊಸ ಆಬ್ಜೆಕ್ಟಿಗೆ ಆರಂಭದ ಬೆಲೆಗಳನ್ನು ತುಂಬುವ ಇನಿಟ್ ಮೆಥಡ್ ಲೋಡ್ ಮಾಡುವಾಗ ಸಾಮಾನ್ಯವಾಗಿ ನಡೆಯದ ಕಾರಣ ಹಳೆಯ ಲಾಟುಗಳು ತೇವಾಂಶವಿಲ್ಲದೆಯೇ ಸದ್ದಿಲ್ಲದೆ ಒಳಗೆ ಬರುತ್ತವೆ, ಎಷ್ಟೋ ಹೊತ್ತಿನ ನಂತರ ಬಿಲ್ಲು ತೆಗೆಯುವಾಗ ಎರರ್ ಕೊಡುತ್ತವೆ. ಜಾವಾ ಭಾಷೆಯಲ್ಲಾದರೆ ಕ್ಲಾಸಿನ ಆವೃತ್ತಿಯನ್ನು ಗುರುತಿಸುವ ಸೀರಿಯಲ್ ವರ್ಷನ್ ಯುಐಡಿ ಎಂಬ ಸಂಖ್ಯೆ ಫೈಲಿನಲ್ಲೂ ಕ್ಲಾಸಿನಲ್ಲೂ ತಾಳೆಯಾಗದಿದ್ದರೆ ಓದುವಾಗಲೇ ತಡೆ ಬೀಳುತ್ತದೆ. ಪಿಕಲ್‌ನಲ್ಲಿ ಅಂಥ ಕಾವಲಿಲ್ಲ. ಲೋಡ್ ಆಗುವಾಗ ನಡೆಯುವ ಸೆಟ್‌ಸ್ಟೇಟ್ ಮೆಥಡ್ ಬರೆದು ಕೊರತೆಯನ್ನು ನಾವೇ ತುಂಬಬೇಕು. ವರ್ಷಗಟ್ಟಲೆ ಉಳಿಯಬೇಕಾದ ಖಾತೆಗಳನ್ನು ನಾನು ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿನಲ್ಲಿಟ್ಟು, ಅಂದಂದಿನ ಅರ್ಧ ತುಂಬಿದ ಚೀಟಿಗಳನ್ನು ಮಾತ್ರ ಪಿಕಲ್‌ಗೆ ಬಿಟ್ಟಿರುವುದು ಇದೇ ಕಾರಣಕ್ಕೆ.

ಪಿಕಲ್ ಫೈಲು ಬರೆಯುವ ವಿಧಾನಗಳಿಗೆ ಪ್ರೊಟೊಕಾಲ್ ಎನ್ನುತ್ತಾರೆ. 2019ರ ಪೈಥಾನ್ 3.8ರಲ್ಲಿ ಬಂದ ಪ್ರೊಟೊಕಾಲ್ 5ರಲ್ಲಿ ಬರೆದ ಫೈಲನ್ನು ಅದಕ್ಕಿಂತ ಹಳೆಯ ಪೈಥಾನ್ ಓದಲಾರದು. ಹಳೆಯ ಕಂಪ್ಯೂಟರ್ ಇರುವ ಅಂಗಡಿಗಳಲ್ಲಿ ಇದು ನೆನಪಿರಲಿ. ಇನ್ನು, ಪಿಕಲ್ ಸುರಕ್ಷಿತವಲ್ಲವೆಂದು ಪೈಥಾನ್‌ನ ಕೈಪಿಡಿಯೇ ಎಚ್ಚರಿಸುತ್ತದೆ. ದುರುದ್ದೇಶದಿಂದ ಸಿದ್ಧಪಡಿಸಿದ ಫೈಲನ್ನು ಲೋಡ್ ಮಾಡಿದ ಕ್ಷಣದಲ್ಲೇ ಅದು ಯಾವ ಕೋಡನ್ನು ಬೇಕಾದರೂ ನಡೆಸಬಲ್ಲದಾದ್ದರಿಂದ, ಹೊರಗಿನವರು ಪೆನ್‌ಡ್ರೈವಿನಲ್ಲಿ ತಂದುಕೊಟ್ಟ ಪಿಕಲ್ ಫೈಲನ್ನು ಮಂಡಿಯ ಕಂಪ್ಯೂಟರಿನಲ್ಲಿ ತೆರೆಯಲು ನಾನು ಬಿಡುವುದಿಲ್ಲ. ಲೆಕ್ಕ ಕೊಡುವುದಿದ್ದರೆ ಸಿಎಸ್‌ವಿಯಲ್ಲಿ, ಅಂದರೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಾದಾ ಪಠ್ಯದ ಫೈಲಿನಲ್ಲಿ, ಕೊಡಿ ಎಂದು ಕೇಳುತ್ತೇನೆ.